ನಲವತ್ತೊಂದು, ನಲವತ್ತಮೂರು

ಪುಟ್ಟಿಯ ಪಿಕಪ್ಪಿನ ಹಿಂದಿನ ಆಕ್ಸಲ್ ಬಾಗಿದ್ದು ಒಂದು ಹಳೆಯ ಗುಂಡಿಯಿಂದ. ಅದು ಅವಳಿಗೆ ಗೊತ್ತಿಲ್ಲದ ಗುಂಡಿಯೇನಲ್ಲ. ಎಂಟು ವರ್ಷದಿಂದ ಅದನ್ನು ತಪ್ಪಿಸಿಯೇ ಓಡಾಡುತ್ತಿದ್ದಳು. ಆ ದಿನ ಎದುರಿಗೆ ಕಲ್ಲು ತುಂಬಿದ ಲಾರಿ ಬಂತು. ದಾರಿ ಬಿಡಲು ಹೋದಾಗ ತುಂಬಿದ ಗಾಡಿಯ ಹಿಂದಿನ ಎಡಚಕ್ರ ಅದರೊಳಗೆ ಧೊಪ್ಪನೆ ಕೂತಿತು. ಮನೆಗೆ ಬಂದು ನೋಡಿದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿತ್ತು. ವಾರದೊಳಗೆ ಟೈರಿನ ಒಂದು ಬದಿ ಬೋಳಾಯಿತು, ಬ್ರೇಕ್ ಡ್ರಮ್ಮಿನಿಂದ ಎಣ್ಣೆ ತೊಟ್ಟಿಕ್ಕತೊಡಗಿತು, ಹಿಂದಿನಿಂದ ಗುಂಯ್ ಎನ್ನುವ ಸದ್ದು ಶುರುವಾಯಿತು. ಗಾಡಿಯಲ್ಲಿ ಜೇನುಪೆಟ್ಟಿಗೆ ಇದ್ದಾಗ ಯಾವ ಗುಂಯ್ ಯಾರದ್ದು ಅಂತಲೇ ಗೊತ್ತಾಗುವುದಿಲ್ಲ ಎಂದು ಅವಳೇ ಹೇಳಿ ನಕ್ಕಳು.

ಪುಟ್ಟಿಗೆ ಐವತ್ತೆರಡು ವರ್ಷ. ಮನೆಗೆ ಕೊನೆಯವಳಾದ್ದರಿಂದ ಅಂಟಿದ ಹೆಸರು, ತಲೆ ನೆರೆತರೂ ಬಿಟ್ಟು ಹೋಗಿರಲಿಲ್ಲ. ಅವಳ ಕಸುಬು ಜೇನು ಸಾಕಣೆ. ಇಪ್ಪತ್ತನಾಲ್ಕು ಪೆಟ್ಟಿಗೆಗಳಿದ್ದವು. ವರ್ಷಕ್ಕೊಮ್ಮೆ ಗುಡ್ಡದ ಮೇಲಿನ ಮರಗಳು ಹೂಬಿಡುವ ಹೊತ್ತಿಗೆ ಅಷ್ಟನ್ನೂ ಪಿಕಪ್ಪಿಗೆ ಹೇರಿ ಮೇಲಿನ ಬಯಲಿಗೆ ಒಯ್ಯಬೇಕು. ಹೂವು ಇರುವುದು ಮೂರೇ ವಾರ. ವರ್ಷದ ಅರ್ಧ ತುಪ್ಪ ಆ ಮೂರು ವಾರದಲ್ಲೇ ಬರುತ್ತಿತ್ತು. ದಾರಿಯ ಕೊನೆಯ ಒಂದೂವರೆ ಕಿಲೋಮೀಟರ್ ಬರೀ ಜೇಡಿಮಣ್ಣು, ಬಂಡೆ, ತಿರುವು. ನಾಲ್ಕೂ ಚಕ್ರ ಸೇರಿ ಎಳೆಯದಿದ್ದರೆ ಯಾವ ಗಾಡಿಯೂ ಅಲ್ಲಿ ಹತ್ತುವುದಿಲ್ಲ. ಇಪ್ಪತ್ತೇಳು ವರ್ಷದ ಆ ಫೋರ್ ವೀಲ್ ಪಿಕಪ್ಪನ್ನು ಅವಳು ಮಾರದೆ ಇಟ್ಟುಕೊಂಡಿದ್ದು ಅದಕ್ಕೇ.

ಗಾಡಿ ಕೆಟ್ಟರೆ ಅವಳು ಹೋಗುತ್ತಿದ್ದುದು ಒಂದೇ ಕಡೆಗೆ, ಪಕ್ಕದ ಬೀದಿಯಲ್ಲಿದ್ದ ಅಕ್ಕನ ಮನೆಗೆ. ಅಕ್ಕನ ಗಂಡ ಬಸ್ ಡಿಪೋದಲ್ಲಿ ಮೂವತ್ತಾರು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಅಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು 'ಎರಡ್ಸಲ ಮೇಸ್ತ್ರಿ' ಎಂದು. ಬಿಗಿದ ನಟ್ಟನ್ನು ಇನ್ನೊಮ್ಮೆ ಬಿಗಿದು ನೋಡುವವರು, ಅಳೆದದ್ದನ್ನು ಇನ್ನೊಮ್ಮೆ ಅಳೆಯುವವರು. ಮನೆಯ ಹಿಂದೆ ತಗಡು ಹೊದಿಸಿದ ಶೆಡ್ಡು, ಸಿಮೆಂಟು ನೆಲ, ಗೋಡೆಗೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು. ಪ್ರತಿಯೊಂದರ ಹಿಂದೆ ಗೋಡೆಯ ಮೇಲೆ ಅದರದೇ ಆಕಾರದ ಗೆರೆ ಎಳೆದಿದ್ದರು, ಯಾವುದು ಕಾಣೆಯಾದರೂ ಗೋಡೆಯೇ ಹೇಳಬೇಕು ಎಂದು.

ಮೇಸ್ತ್ರಿ ಗಾಡಿಯ ಕೆಳಗೆ ಮಲಗಿ, ಟಾರ್ಚು ಬಿಟ್ಟು ನೋಡಿ, ಹೊರಗೆ ಬಂದು ಕೈ ಒರೆಸಿಕೊಂಡರು. ಹಿಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಮಲಗಿರುವ ದಪ್ಪ ಕಬ್ಬಿಣದ ಕೊಳವೆ, ನಡುವೆ ಕುಂಬಳಕಾಯಿಯಂಥ ಉಬ್ಬು, ಉಬ್ಬಿನೊಳಗೆ ಗೇರುಗಳು. ಗೇರು ಚೆನ್ನಾಗಿವೆ, ಕೊಳವೆಯೇ ಬಾಗಿದೆ ಎಂದರು. ಬಾಗಿದ್ದನ್ನು ಬಡಿದು ನೇರ ಮಾಡಿದರೆ ನಾಳೆ ಮತ್ತೆ ಬಾಗುತ್ತದೆ. ಗುಜರಿಯಿಂದ ಇಡೀ ಆಕ್ಸಲ್ ತಂದು ಕೂರಿಸುವುದೇ ಸರಿ. ಒಂದೇ ಎಚ್ಚರ ಬೇಕು. ಒಳಗಿನ ಗೇರಿನ ಲೆಕ್ಕ ಮುಂದಿನ ಆಕ್ಸಲ್ಲಿನದಕ್ಕೆ ಸರಿಯಾಗಿ ಹೊಂದಬೇಕು, ಇಲ್ಲದಿದ್ದರೆ ಮುಂದಿನ ಚಕ್ರ ಒಂದು ವೇಗ, ಹಿಂದಿನ ಚಕ್ರ ಇನ್ನೊಂದು ವೇಗ. ಎರಡು ಚಕ್ರದಲ್ಲಿ ಓಡಿಸುವಾಗ ಏನೂ ತಿಳಿಯುವುದಿಲ್ಲ. ನಾಲ್ಕಕ್ಕೆ ಹಾಕಿದ ಕೂಡಲೇ ಎತ್ತು ಏರಿಗೆ, ಕೋಣ ನೀರಿಗೆ. ಅವರು ಪುಟ್ಟಿಯ ಎದುರಿಗೇ ಹಳೆಯ ಆಕ್ಸಲ್ಲಿನ ಒಂದು ಬದಿಯನ್ನು ಹಗ್ಗದಿಂದ ಬಿಗಿದು, ಇನ್ನೊಂದು ಬದಿಯ ಚಕ್ರವನ್ನು ಇಪ್ಪತ್ತು ಸುತ್ತು ತಿರುಗಿಸಿ, ನಡುವಿನ ಶಾಫ್ಟು ಎಷ್ಟು ಸುತ್ತು ತಿರುಗಿತೆಂದು ಎಣಿಸಿದರು. ನಲವತ್ತೊಂದು. ಇನ್ನೊಮ್ಮೆ ಎಣಿಸಿದರು. ನಲವತ್ತೊಂದೇ.

ಹೂವಿಗೆ ಇನ್ನು ಹತ್ತು ದಿನವಿತ್ತು.

ಊರಾಚೆಯ ಗುಜರಿ ಅಂಗಡಿಯವನು ಒಂದು ಕಾಲದಲ್ಲಿ ಡಿಪೋದಲ್ಲಿ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವನು. ಈಗ ಅವನಿಗೇ ಐವತ್ತರ ಹತ್ತಿರ. ಮೇಸ್ತ್ರಿಯನ್ನು ಕಂಡು ಕುರ್ಚಿ ಬಿಟ್ಟು ಎದ್ದ, ತಾನೇ ಚಹಾ ತಂದುಕೊಟ್ಟ, ಅದೇ ಮಾದರಿಯ ಗಾಡಿಯ ಆಕ್ಸಲ್ ರಾಶಿಯ ಅಡಿಯಲ್ಲಿ ಇದೆಯೆಂದು ಕ್ರೇನಿನಿಂದ ಎತ್ತಿಸಿದ. ನಲವತ್ತೊಂದರದ್ದೇ ಎಂದ. ಡ್ರಮ್ಮುಗಳು ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲವಾದ್ದರಿಂದ ಅಲ್ಲೇ ಎಣಿಸಿ ನೋಡುವ ಹಾಗಿರಲಿಲ್ಲ. ಮನೆಗೆ ತಂದು ನೋಡಿಕೊಂಡರಾಯಿತೆಂದು ಮೇಸ್ತ್ರಿ ಹೇರಿಸಿಕೊಂಡು ಬಂದರು.

ಹಳೆಯದನ್ನು ಇಳಿಸಲು ಒಂದು ದಿನವಿಡೀ ಹಿಡಿಯಿತು. ಮುಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು, ಚಾಸಿಯನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದರು. ಚಕ್ರ ಬಿಚ್ಚಿದರು, ಶಾಫ್ಟಿನ ನಾಲ್ಕು ಬೋಲ್ಟು ಬಿಚ್ಚಿದರು, ಬ್ರೇಕ್ ಪೈಪಿನ ಬಾಯಿಗೆ ಬಟ್ಟೆ ತುರುಕಿದರು, ಹ್ಯಾಂಡ್‌ಬ್ರೇಕ್ ತಂತಿ ಬಿಡಿಸಿದರು. ಸ್ಪ್ರಿಂಗ್ ಪಟ್ಟಿಗಳನ್ನು ಆಕ್ಸಲ್ಲಿಗೆ ಬಿಗಿದಿದ್ದ ಯು ಬೋಲ್ಟುಗಳು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಹಿಂದಿನ ದಿನವೇ ಸೀಮೆಎಣ್ಣೆ ಕುಡಿಸಿದ್ದರೂ ಎರಡು ಮಾತ್ರ ಬಿಟ್ಟುಕೊಟ್ಟವು. ಉಳಿದೆರಡನ್ನು ಪುಟ್ಟಿ ಮತ್ತು ಮೇಸ್ತ್ರಿ ಸರದಿಯ ಮೇಲೆ ಗರಗಸದಲ್ಲಿ ಕೊಯ್ದರು. ಸಂಜೆಗೆ ಹಳೆಯ ಆಕ್ಸಲ್ ಹೊರಗೆ ಉರುಳಿತು. ಪುಟ್ಟಿ ಪೆಟ್ಟಿಗೆಗಳಿಗೆ ಜಾಲರಿ ಹೊಡೆಯುವುದಿದೆಯೆಂದು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಒಬ್ಬರೇ ಹೊಸ ಆಕ್ಸಲ್ಲಿನ ಡ್ರಮ್ಮುಗಳನ್ನು ಬಡಿದು ಸಡಿಲಿಸಿದರು. ಒಂದು ಬದಿಯನ್ನು ಕಟ್ಟಿದರು, ಶಾಫ್ಟು ಕೂರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು, ಮೊಣಕಾಲೂರಿ ಇನ್ನೊಂದು ಬದಿಯನ್ನು ತಿರುಗಿಸಿದರು. ಇಪ್ಪತ್ತು ಸುತ್ತು ಮುಗಿದಾಗ ಲೆಕ್ಕ ನಲವತ್ತಮೂರಕ್ಕೆ ಬಂದು ನಿಂತಿತು.

ಎಲ್ಲೋ ಎರಡು ಹೆಚ್ಚು ಎಣಿಸಿರಬೇಕು ಅನ್ನಿಸಿತು. ಅರುವತ್ತೇಳು ವರ್ಷ, ಮೊಣಕಾಲು ನೋವು, ನಡುವೆ ಹಾಲಿನವನು ಬೇರೆ ಬಂದು ಮಾತಾಡಿಸಿದ್ದ. ಆದರೆ ಹಾಲಿನವನು ಬಂದದ್ದು ಎಣಿಕೆ ಶುರುವಾಗುವುದಕ್ಕೆ ಮೊದಲು, ಅದು ಅವರಿಗೆ ಗೊತ್ತಿತ್ತು. ಇದು ನಲವತ್ತಮೂರೇ ಆಗಿದ್ದರೆ ವಾಪಸ್ಸು ಒಯ್ಯಬೇಕು, ಬೇರೆಯದು ಹುಡುಕಬೇಕು. ವಾರವಾದರೂ ಬೇಕು, ಅಷ್ಟರಲ್ಲಿ ಹೂವು ಅರಳಿರುತ್ತದೆ. ಕೈಯಾರೆ ಕೆಲಸ ಕಲಿಸಿದವನ ಮುಂದೆ ಹೋಗಿ ನಿನ್ನ ಮಾತು ಸುಳ್ಳು ಎನ್ನಬೇಕು. ಮೇಸ್ತ್ರಿ ಎದ್ದು ಹಗ್ಗ ಬಿಚ್ಚಿದರು. ಬಟ್ಟೆಯಿಂದ ಸೀಮೆಸುಣ್ಣದ ಗೆರೆಯನ್ನು ಒರೆಸಿದರು.

ಮಧ್ಯಾಹ್ನ ಪುಟ್ಟಿ ಬಂದಾಗ ಎಣಿಸಿದಿರಾ ಎಂದು ಕೇಳಿದಳು. ಎಣಿಸಿದೆ ಎಂದರು. ಅದು ಸುಳ್ಳಲ್ಲವಾದ್ದರಿಂದ ಹೇಳುವುದು ಸುಲಭವಾಯಿತು.

ಮುಂದಿನ ಕೆಲಸ ಸಲೀಸಾಗಿ ನಡೆಯಿತು. ಸ್ಪ್ರಿಂಗಿನ ನಡುವಿನ ಗುಬುಟು ಆಕ್ಸಲ್ಲಿನ ತೂತಿನಲ್ಲಿ ಸರಿಯಾಗಿ ಕೂತಿತು, ಹೊಸ ಯು ಬೋಲ್ಟುಗಳನ್ನು ಬಿಗಿದದ್ದಾಯಿತು. ಬ್ರೇಕಿನ ಗಾಳಿ ತೆಗೆಯಲು ಅಕ್ಕನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಕೆಳಗಿನಿಂದ ಮೇಸ್ತ್ರಿ ಒತ್ತು ಎಂದಾಗ ಅಕ್ಕ ಪೆಡಲ್ ಒತ್ತಬೇಕು, ಬಿಡು ಎಂದಾಗ ಬಿಡಬೇಕು. ಇವರು ಹೇಳಿದ್ದನ್ನು ಹೇಳಿದ ತಕ್ಷಣ ಮಾಡಿದ್ದು ಈ ಸಂಸಾರದಲ್ಲಿ ಇದೇ ಮೊದಲು ಎಂದು ಅಕ್ಕ ಸೀಟಿನಿಂದಲೇ ತಂಗಿಗೆ ಹೇಳಿದಳು. ಪುಟ್ಟಿ ನಕ್ಕಳು. ಮೇಸ್ತ್ರಿ ನಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಎಲ್ಲ ಸರಿಹೋಯಿತಲ್ಲ ಎಂದು ಅಕ್ಕ ಸುಮ್ಮನೆ ಕೇಳಿದ್ದಕ್ಕೆ, ಯಾಕೆ, ನನ್ನ ಕೆಲಸದಲ್ಲಿ ಎಂದಾದರೂ ತಪ್ಪು ಬಂದಿದೆಯಾ ಎಂದು ರೇಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ಅವರಿಗೇ ಅನ್ನಿಸಿ, ಬೇಗ ಊಟ ಮುಗಿಸಿ ಎದ್ದರು.

ಪೆಟ್ಟಿಗೆ ಸಾಗಿಸುವ ದಿನ ನಸುಕಿನಲ್ಲಿ ಪುಟ್ಟಿ ಗಾಡಿ ಹೊರಡಿಸುವಾಗ ಮೇಸ್ತ್ರಿ ಗೇಟಿನ ಬಳಿ ನಿಂತಿದ್ದರು, ತಾನೂ ಬರುತ್ತೇನೆ ಎಂದರು. ಜೇನೆಂದರೆ ಮಾರು ದೂರ ಹೋಗುವ ಭಾವ ಯಾಕೆ ಬರುತ್ತಿದ್ದಾರೆಂದು ಅವಳಿಗೆ ಆಶ್ಚರ್ಯವಾಯಿತು. ಹೊಸ ಆಕ್ಸಲ್ ಅಲ್ಲವೇ, ಕೇಳಿಸಿಕೊಳ್ಳಬೇಕು ಎಂದರು. ಡಾಂಬರು ರಸ್ತೆಯಲ್ಲಿ ಗಾಡಿ ಬೆಣ್ಣೆಯ ಹಾಗೆ ಓಡಿತು, ಗುಂಯ್ ಸದ್ದು ಪೆಟ್ಟಿಗೆಗಳಿಂದ ಮಾತ್ರ ಬರುತ್ತಿತ್ತು. ಗುಡ್ಡದ ಬುಡದಲ್ಲಿ ಟೈರಿಗೆ ಗಾಳಿ ಕಡಿಮೆಯಾಗಿದೆಯೆಂದು ತಿಳಿದು ಪಂಪು ಹೊಡೆಯುವುದರಲ್ಲಿ ಅರ್ಧ ಗಂಟೆ ಹೋಯಿತು. ನಾಲ್ಕು ಚಕ್ರದ ಲಿವರ್ ಹಾಕಲು ಪುಟ್ಟಿ ಕೈ ಚಾಚಿದಾಗ ಮೇಸ್ತ್ರಿ, ಎರಡರಲ್ಲೇ ಎಷ್ಟು ದೂರ ಹೋಗುತ್ತದೋ ನೋಡೋಣ ಎಂದರು. ಎಂಟು ವರ್ಷದಿಂದ ಇಲ್ಲೇ ಹಾಕುತ್ತಿದ್ದೇನೆ ಎಂದು ಅವಳು ಹಾಕಿಯೇಬಿಟ್ಟಳು.

ಜೇಡಿಮಣ್ಣಿನಲ್ಲಿ ಏನೂ ಆಗಲಿಲ್ಲ. ಕೆಸರು ಜಾರುತ್ತದೆ, ಚಕ್ರಗಳ ಜಗಳವನ್ನು ನುಂಗಿಕೊಳ್ಳುತ್ತದೆ. ಬಂಡೆ ಶುರುವಾಯಿತು. ಸ್ಟೀರಿಂಗ್ ಕೈಗೆ ಬಾರದಷ್ಟು ಬಿಗಿಯಾಯಿತು. ಗಾಡಿ ಬಿಕ್ಕಿದಂತೆ ಮುಂದೆ ಹೋಗಿ ನಿಲ್ಲುವುದು, ಟೈರು ಕಿರುಗುಟ್ಟುವುದು, ಮತ್ತೆ ಜಗ್ಗುವುದು. ಮೂರನೆಯ ತಿರುವಿನಲ್ಲಿ ಕ್ಲಚ್ಚು ಸುಟ್ಟ ವಾಸನೆ ಬಂದು, ಇಂಜಿನ್ ಒಂದು ಸಲ ನಡುಗಿ ಆರಿಹೋಯಿತು. ಪುಟ್ಟಿ ಬ್ರೇಕ್ ಒತ್ತಿಹಿಡಿದಳು, ಮೇಸ್ತ್ರಿ ಇಳಿದು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಲಿವರನ್ನು ಎರಡು ಕೈಯಲ್ಲಿ ಎಳೆದರೂ ಹಿಂದಕ್ಕೆ ಬರಲಿಲ್ಲ.

ಏಳೂವರೆ ಆಗಿತ್ತು. ತಿರುವಿನಲ್ಲಿ ನೆರಳಿರಲಿಲ್ಲ, ಬಿಸಿಲು ನೇರ ಪೆಟ್ಟಿಗೆಗಳ ಮೇಲೆ ಬೀಳುತ್ತಿತ್ತು. ಬಾಗಿಲು ಮುಚ್ಚಿದ ಪೆಟ್ಟಿಗೆಯಲ್ಲಿ ಜೇನು ಬಿಸಿಲಿಗೆ ಹೆಚ್ಚು ಹೊತ್ತು ತಡೆಯುವುದಿಲ್ಲ. ರಸ್ತೆಗಿಂತ ಸ್ವಲ್ಪ ಕೆಳಗೆ, ನಲವತ್ತು ಹೆಜ್ಜೆ ದೂರದಲ್ಲಿ, ದೊಡ್ಡ ಮರವೊಂದರ ಅಡಿಯಲ್ಲಿ ಸಮತಟ್ಟಾದ ಜಾಗವಿತ್ತು. ಮೇಲಿನ ಬಯಲಿಗೆ ಇನ್ನೂ ಏಳುನೂರು ಮೀಟರು ಇತ್ತು, ಹೊತ್ತು ಒಯ್ಯುವ ಮಾತೇ ಇಲ್ಲ. ಇಲ್ಲಿ ಒಮ್ಮೆ ಬಾಗಿಲು ತೆರೆದರೆ ಹುಳುಗಳು ಇದನ್ನೇ ಮನೆಯೆಂದು ಗುರುತಿಟ್ಟುಕೊಳ್ಳುತ್ತವೆ. ಆಮೇಲೆ ಅಷ್ಟು ಹತ್ತಿರಕ್ಕೆ ಸರಿಸಿದರೆ ಹಾರಿದವು ಹಳೆಯ ಜಾಗಕ್ಕೇ ಬಂದು ಸುತ್ತುತ್ತವೆ. ಅಂದರೆ ಈ ವರ್ಷದ ಹೂವಿಗೆಲ್ಲ ಈ ತಿರುವೇ ಗತಿ. ಪುಟ್ಟಿ ಒಂದು ನಿಮಿಷ ಯೋಚಿಸಿ, ಇಳಿಸೋಣ ಎಂದಳು.

"ಆ ಗುಜರಿಯವನು ಮೋಸ ಮಾಡ್ದ ಅಲ್ವಾ ಭಾವ?" ಮೊದಲ ಪೆಟ್ಟಿಗೆಗೆ ಕೈಹಾಕುತ್ತ ಅವಳು ಕೇಳಿದಳು. "ನಲವತ್ತೊಂದು ಅಂತ ಹೇಳಿ ಬೇರೆ ಯಾವುದೋ ತಲೆಗೆ ಕಟ್ಟಿದಾನೆ."

ಮೇಸ್ತ್ರಿ ಪೆಟ್ಟಿಗೆಯ ಇನ್ನೊಂದು ಬದಿಯನ್ನು ಹಿಡಿದು ಎತ್ತಿದರು. ಅವಳು ಅದನ್ನು ಹೌದೆಂದೇ ತಿಳಿದಳು.

ಇಪ್ಪತ್ತನಾಲ್ಕು ಪೆಟ್ಟಿಗೆ, ಇಬ್ಬರು ಜನ, ನಲವತ್ತು ಹೆಜ್ಜೆ ಇಳಿಜಾರು. ಹತ್ತು ಪೆಟ್ಟಿಗೆ ಮುಗಿಯುವಷ್ಟರಲ್ಲಿ ಮೇಸ್ತ್ರಿ ಕುಂಟುತ್ತಿದ್ದರು. ನೀವು ಕೂತುಕೊಳ್ಳಿ, ನಾನು ಒಬ್ಬಳೇ ಎಳೆದುಕೊಳ್ಳುತ್ತೇನೆ ಎಂದರೂ ಕೇಳಲಿಲ್ಲ. ಜಾಲರಿಯೊಳಗಿನ ಸದ್ದು ಮೊದಲು ಜೋರಾಗಿತ್ತು, ಹೋಗುತ್ತ ಹೋಗುತ್ತ ಇನ್ನೂ ಏರಿತು. ಆಮೇಲೆ ಕೆಲವು ಪೆಟ್ಟಿಗೆಗಳಲ್ಲಿ ಇಳಿಯತೊಡಗಿತು. ಇಳಿಯುವುದು ಒಳ್ಳೆಯದಲ್ಲ ಎಂದು ಪುಟ್ಟಿ ಹೇಳಿದಳು, ಬೇಗಬೇಗ ಹೆಜ್ಜೆ ಹಾಕಿದಳು. ಒಂಬತ್ತಕ್ಕೆ ಸ್ವಲ್ಪ ಮುಂಚೆ ಕೊನೆಯದನ್ನು ಇಳಿಸಿ ಒಂದೊಂದಾಗಿ ಬಾಗಿಲು ತೆರೆದಳು. ಇಪ್ಪತ್ತೊಂದರಿಂದ ಹುಳುಗಳು ನುಗ್ಗಿ ಬಂದವು. ಗಾಡಿಯ ಮುಂಭಾಗದಲ್ಲಿ ಕ್ಯಾಬಿನ್ನಿಗೆ ಒತ್ತಿಕೊಂಡಿದ್ದ ಮೂರು ಪೆಟ್ಟಿಗೆಗಳು ಸುಮ್ಮನಿದ್ದವು. ಮುಚ್ಚಳ ಎತ್ತಿದರೆ ಮೇಣ ಕರಗಿ ಎರಿಗಳು ಕುಸಿದಿದ್ದವು, ಹುಳುಗಳು ತಮ್ಮದೇ ತುಪ್ಪದಲ್ಲಿ ನೆನೆದು ಅಡಿಯಲ್ಲಿ ಕರ್ರಗೆ ಮುದ್ದೆಯಾಗಿದ್ದವು. ಒಂದೆರಡರ ಕಾಲು ಇನ್ನೂ ಆಡುತ್ತಿತ್ತು.

ಪುಟ್ಟಿ ಮುಚ್ಚಳ ಹಿಡಿದುಕೊಂಡೇ ಕೂತಳು. ಆ ಮೂರರಲ್ಲಿ ಒಂದು ಅವಳು ಮೊದಲು ಶುರುಮಾಡಿದ ನಾಲ್ಕು ಪೆಟ್ಟಿಗೆಗಳ ಸಂತತಿ.

"ಪುಟ್ಟಿ," ಮೇಸ್ತ್ರಿ ಹೇಳಿದರು. "ಅವನು ಮೋಸ ಮಾಡ್ಲಿಲ್ಲ. ನಾನು ಎಣಿಸಿದಾಗ ನಲವತ್ತಮೂರು ಬಂತು."

ಅವಳು ತಲೆಯೆತ್ತಿ ನೋಡಿದಳು.

"ತಪ್ಪು ಎಣಿಸಿರ್ಬೇಕು ಅಂದ್ಕೊಂಡೆ. ಅಲ್ಲ, ಹಾಗೆ ಅಂದ್ಕೋಬೇಕು ಅನ್ನಿಸ್ತು. ಇನ್ನೊಂದ್ಸಲ ಎಣಿಸಿದ್ರೆ ಮತ್ತೆ ಅದೇ ಬರುತ್ತೆ ಅಂತ ಗೊತ್ತಿತ್ತು, ಅದಕ್ಕೇ ಎಣಿಸ್ಲಿಲ್ಲ."

ಪುಟ್ಟಿ ಮುಚ್ಚಳವನ್ನು ಪೆಟ್ಟಿಗೆಯ ಮೇಲೆ ಇಟ್ಟಳು. ಸುತ್ತಲೂ ಹೊಸ ಜಾಗದ ಗುರುತು ಹಿಡಿಯಲು ಹುಳುಗಳು ಪೆಟ್ಟಿಗೆಗಳ ಎದುರು ಹಿಂದೆ ಮುಂದೆ ತೂಗಾಡುತ್ತಿದ್ದವು. ಒಂದು ಮೇಸ್ತ್ರಿಯ ಕಾಲರಿನ ಮೇಲೆ ಕೂತು ನಡೆದಾಡಿತು. ಅವರು ಅಲ್ಲಾಡಲಿಲ್ಲ.

"ಗುಜರಿಯವನ ಮೇಲೆ ಹಾಕಿದ್ರೆ ನಾನು ನಂಬ್ತಿದ್ದೆ," ಎಂದಳು ಕೊನೆಗೆ.

"ಗೊತ್ತು."

"ಒಂದು ಮಾತು ಹೇಳಿದ್ರೆ ಮೇಲಿನ ಹೂವು ಬಿಡ್ತಿದ್ದೆ ಭಾವ. ಒಂದು ವರ್ಷ ಹೂವು ಹೋದ್ರೆ ಹೋಗ್ಲಿ. ಇವನ್ನ ಸಾಯಿಸ್ಬೇಕಿತ್ತಾ?"

ಉತ್ತರಕ್ಕೆ ಕಾಯದೆ ಅವಳು ಎದ್ದು ಜಾಕಿ ತರಲು ಹೋದಳು.

ಗಾಡಿ ಈಗ ಖಾಲಿ. ಇಳಿಜಾರಾದ್ದರಿಂದ ಎಲ್ಲ ಚಕ್ರಗಳಿಗೂ ಎರಡೆರಡು ಕಲ್ಲು ಕೊಟ್ಟು ಮೇಸ್ತ್ರಿ ಹಿಂದಿನ ಬಲಚಕ್ರವನ್ನು ಮೆಲ್ಲಗೆ ಎತ್ತಿದರು. ಅವಳನ್ನು ದೂರ ನಿಲ್ಲಿಸಿ ತಾವೂ ಪಕ್ಕಕ್ಕೆ ಸರಿದೇ ಜಾಕಿಯ ಹಿಡಿ ಆಡಿಸಿದರು. ಚಕ್ರ ನೆಲ ಬಿಟ್ಟ ಕ್ಷಣ ಠಣ್ ಎಂದು ಸದ್ದು ಮಾಡಿ ತನ್ನಷ್ಟಕ್ಕೇ ಕಾಲು ಸುತ್ತು ತಿರುಗಿ ನಿಂತಿತು. ಅಷ್ಟು ಹೊತ್ತು ಎರಡು ಆಕ್ಸಲ್ಲುಗಳು ಪರಸ್ಪರ ತಿರುಚಿ ಹಿಡಿದಿದ್ದ ಬಿಗಿ ಅದು. ಪುಟ್ಟಿ ಒಳಗೆ ಹೋಗಿ ಲಿವರನ್ನು ಎರಡೇ ಬೆರಳಲ್ಲಿ ಹಿಂದಕ್ಕೆ ತಂದಳು. ಜಾಕಿ ಇಳಿಸಿ ಮೇಸ್ತ್ರಿ ಹಿಂದೆ ನಿಂತು ಕೈಸನ್ನೆ ಮಾಡಿದರು, ಅವಳು ಗಾಡಿಯನ್ನು ರಿವರ್ಸಿನಲ್ಲೇ ಜೇಡಿಮಣ್ಣಿನವರೆಗೆ ಇಳಿಸಿ, ಅಲ್ಲಿ ತಿರುಗಿಸಿಕೊಂಡಳು.

ಅಕ್ಕನಿಗೆ ವಿಷಯವನ್ನು ಮೇಸ್ತ್ರಿಯೇ ಹೇಳಿದರು. ಅಕ್ಕ ಗಂಡನನ್ನು ಬೈಯಲಿಲ್ಲ, ಅದೇ ಅವರಿಗೆ ಕಷ್ಟವಾಯಿತು. ಮಾರನೆಯ ದಿನ ಅವರು ಬಸ್ಸು ಹತ್ತಿ ಗುಜರಿ ಅಂಗಡಿಗೆ ಹೋದರು. ಅವನಿಗೂ ತಿಳಿಯಬೇಕು, ಇನ್ನೊಬ್ಬರಿಗೆ ಹೀಗಾಗಬಾರದು ಎಂದು. ಅವನು ಕೇಳಿ ಪೆಚ್ಚಾದ. ಅದೇ ಮಾದರಿಯಲ್ಲಿ ಎರಡು ಬಗೆ ಬಂದದ್ದು ತನಗೆ ಗೊತ್ತು, ನೋಡದೆ ಹೇಳಿದ್ದು ನಿಜ ಎಂದ.

"ಹೇಗೂ ನೀವು ಎಣಿಸ್ತೀರಲ್ಲ ಅಂತ ಧೈರ್ಯ ಮೇಸ್ತ್ರಿ."

ಮೇಸ್ತ್ರಿ ಅವನು ಕೊಟ್ಟ ಚಹಾ ಕುಡಿದು ಮುಗಿಸಿ ವಾಪಸ್ಸು ಬಂದರು.

ಸರಿಪಡಿಸುವ ದಾರಿ ಶೆಡ್ಡಿನ ಮೂಲೆಯಲ್ಲೇ ಬಿದ್ದಿತ್ತು. ಹಳೆಯ ಆಕ್ಸಲ್ಲಿನ ಕೊಳವೆ ಬಾಗಿತ್ತು, ಗೇರುಗಳು ಗಟ್ಟಿಯಾಗಿದ್ದವು. ಗುಜರಿಯ ಕೊಳವೆ ನೇರವಿತ್ತು, ಗೇರು ಮಾತ್ರ ಬೇರೆ. ಹಳೆಯದರ ಉಬ್ಬಿನಿಂದ ಗೇರ್ ಸೆಟ್ಟನ್ನು ಇಡಿಯಾಗಿ ಬಿಚ್ಚಿ ಹೊಸದರ ಉಬ್ಬಿಗೆ ಕೂರಿಸಿದರಾಯಿತು. ಹತ್ತು ನಟ್ಟು, ಒಂದು ಗ್ಯಾಸ್ಕೆಟ್ಟು, ಹೊಸ ಎಣ್ಣೆ. ಮೊದಲ ದಿನವೇ ಹೊಳೆಯಬೇಕಿದ್ದ ಉಪಾಯ ಎಂದು ಮೇಸ್ತ್ರಿ ತಮ್ಮಷ್ಟಕ್ಕೆ ಹೇಳಿಕೊಂಡರು.

ಪುಟ್ಟಿ ಎರಡು ದಿನ ಬಿಟ್ಟು ಬಂದಳು. ಮುಖ ಗಂಟು ಹಾಕಿಕೊಂಡೇ ಇದ್ದಳು, ಆದರೆ ಬಂದಳು. ಹದಿನಾಲ್ಕರ ಸ್ಪ್ಯಾನರ್, ಆ ಬಟ್ಟೆ, ಇತ್ತ ಹಿಡಿಯಿರಿ ಎಂಬುದರ ಹೊರತು ಬೇರೆ ಮಾತಿರಲಿಲ್ಲ. ಈ ಸಲ ಗಾಡಿಯ ಕೆಳಗೆ ಅವಳು ಮಲಗಿದಳು, ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಹೇಳಿಕೊಟ್ಟರು. ಗೇರ್ ಸೆಟ್ ಎಳೆಯ ಕರುವಿನಷ್ಟು ಭಾರ. ಅದನ್ನು ಎದೆಯ ಮೇಲೆ ಇಟ್ಟುಕೊಂಡು ಸ್ಟಡ್ಡುಗಳಿಗೆ ಹೊಂದಿಸುವಾಗ ಅವಳ ಬಾಯಿಂದ ಬಂದ ಬೈಗುಳ ಯಾರಿಗೆಂದು ತಿಳಿಯಲಿಲ್ಲ. ಮೇಸ್ತ್ರಿ ತಮಗೇ ಎಂದು ತೆಗೆದುಕೊಂಡರು. ಎಲ್ಲ ಮುಗಿದ ಮೇಲೆ ಅವಳೇ ಹಗ್ಗ ಕಟ್ಟಿ, ಗೆರೆ ಎಳೆದು, ಚಕ್ರ ತಿರುಗಿಸಿದಳು. ಗಟ್ಟಿಯಾಗಿ ಎಣಿಸಿದಳು. ನಲವತ್ತೊಂದು. ಮನೆಯ ಹಿಂದಿನ ಒದ್ದೆ ಮಣ್ಣಿನಲ್ಲಿ ನಾಲ್ಕಕ್ಕೆ ಹಾಕಿ ಹಿಂದೆ ಮುಂದೆ ಓಡಿಸಿ ನೋಡಿದಳು, ಲಿವರ್ ಹೋಯಿತು, ಬಂತು. ಕೈ ತೊಳೆದುಕೊಂಡು ಅಕ್ಕನ ಬಳಿ ಚಹಾ ಕುಡಿದು, ಭಾವನ ಮುಖ ನೋಡದೆ ಹೊರಟುಹೋದಳು.

ಆ ವರ್ಷ ತುಪ್ಪ ಕಡಿಮೆಯಾಯಿತು, ಹಿಂದಿನ ವರ್ಷದ ಮುಕ್ಕಾಲು ಪಾಲು. ತಿರುವಿನಿಂದ ಮೇಲಿನ ಮರಗಳು ಹಾರುವಷ್ಟು ಹತ್ತಿರವೇ ಇದ್ದವಾದ್ದರಿಂದ ಉಳಿದ ಪೆಟ್ಟಿಗೆಗಳು ಸೋತು ಹೋಗಲಿಲ್ಲ. ಹೂವು ಮುಗಿಯುವ ಹೊತ್ತಿಗೆ ಬಲವಾಗಿದ್ದ ಎರಡು ಕುಟುಂಬಗಳನ್ನು ಪುಟ್ಟಿ ಪಾಲು ಮಾಡಿ ಎರಡು ಖಾಲಿ ಪೆಟ್ಟಿಗೆಗಳಿಗೆ ತುಂಬಿಸಿದಳು. ಮೂರನೆಯದನ್ನು ತೊಳೆದು ಬಿಸಿಲಿಗಿಟ್ಟಳು.

ಪೆಟ್ಟಿಗೆಗಳನ್ನು ಇಳಿಸಿ ತರುವ ಹಿಂದಿನ ದಿನ ಅವಳು ಅಕ್ಕನ ಮನೆಯ ಬಾಗಿಲಲ್ಲಿ ನಿಂತು, ಒಳಗೆ ಪೇಪರ್ ಓದುತ್ತಿದ್ದವರಿಗೆ ಕೇಳಿಸುವಂತೆ, ನಾಳೆ ಎರಡು ಕೈ ಬೇಕು ಎಂದಳು. ಅಕ್ಕ ಯಾರ ಕೈ ಎಂದು ಕೇಳಿದಳು. ಯಾರದಾದರೂ ಆದೀತು ಎಂದಳು ಪುಟ್ಟಿ.

ಬೆಳಿಗ್ಗೆ ಗಾಡಿ ತಿರುವಿನವರೆಗೆ ತಕರಾರಿಲ್ಲದೆ ಹತ್ತಿತು. ಹುಳುಗಳೆಲ್ಲ ಒಳಗಿರುವಾಗಲೇ ಬಾಗಿಲು ಮುಚ್ಚಬೇಕಿತ್ತು. ಪುಟ್ಟಿ ಹೊಗೆಡಬ್ಬಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟು, ನಾನು ಹೇಳಿದಾಗ ಒತ್ತಿ, ಹೇಳಿದಾಗ ಬಿಡಿ ಎಂದಳು. ಮೇಸ್ತ್ರಿ ಮುಖದ ಬಲೆ ಹಾಕಿಕೊಂಡಿದ್ದರೂ ಒಂದು ಹುಳು ಹೇಗೋ ಒಳಗೆ ನುಸುಳಿ ಹುಬ್ಬಿನ ಮೇಲೆ ಕಚ್ಚಿತು. ಅವರು ಹೊಗೆಡಬ್ಬಿ ಬೀಳಿಸಲಿಲ್ಲ. ಪುಟ್ಟಿ ಅವರನ್ನು ಗಾಡಿಯ ಬಳಿಗೆ ಕರೆದೊಯ್ದು, ಬಲೆ ಎತ್ತಿ, ಉಗುರಿನಿಂದ ಮುಳ್ಳನ್ನು ಅಡ್ಡಕ್ಕೆ ಕೆರೆದು ತೆಗೆದಳು.

"ಹಿಚುಕಬಾರ್ದು," ಎಂದಳು. "ಹಿಚುಕಿದ್ರೆ ವಿಷ ಪೂರ್ತಿ ಒಳಗಿಳಿಯುತ್ತೆ. ತುಂಬ ನೋಯ್ತಾ ಇದೆಯಾ ಭಾವ?"

"ಇದೆ," ಎಂದರು ಮೇಸ್ತ್ರಿ.

ಅವಳು ಬಾಟಲಿಯ ನೀರಿನಲ್ಲಿ ಕರ್ಚೀಫು ಅದ್ದಿ ಅವರ ಹುಬ್ಬಿಗೆ ಒತ್ತಿಹಿಡಿದುಕೊಳ್ಳಲು ಕೊಟ್ಟಳು, ಸ್ವಲ್ಪ ಹೊತ್ತು ಕೂತಿರಿ ಎಂದಳು. ಊರಿಗೆ ಬರುವಷ್ಟರಲ್ಲಿ ಅವರ ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು. ಬಾಗಿಲು ತೆರೆದ ಅಕ್ಕ ಗಂಡನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಹಿಂದೆಯೇ ಪುಟ್ಟಿಯೂ ಜೋರಾಗಿ ನಕ್ಕಳು. ಮೇಸ್ತ್ರಿ ತೆರೆದಿದ್ದ ಒಂದು ಕಣ್ಣಿನಲ್ಲಿ ಇಬ್ಬರನ್ನೂ ನೋಡಿ, ಚಪ್ಪಲಿ ಬಿಟ್ಟು ಒಳಗೆ ಹೋದರು.